ಓರ್ಮಿಸ್ಟನ್ ಕಮರಿಯ ಮಡುಗಳು

ಮಧ್ಯ ಆಸ್ಟ್ರೇಲಿಯಾದಲ್ಲಿ ಹೊಳೆ ದಾಟುವಾಗ ನೀರು ಕಾಣುವುದು ಅಪರೂಪ. ನಕ್ಷೆಯಲ್ಲಿ ನೀಲಿ ಗೆರೆ ಇರುತ್ತದೆ. ರಸ್ತೆ ಬದಿಯ ಬೋರ್ಡಿನಲ್ಲಿ ಹೊಳೆಯ ಹೆಸರೂ ಇರುತ್ತದೆ. ನೋಡಿದರೆ ಬರೀ ಮರಳು. ಆ ಮರಳಿನ ನಡುವೆಯೇ ರಿವರ್ ರೆಡ್ ಗಮ್ ಅನ್ನುವ ದೈತ್ಯ ನೀಲಗಿರಿ ಜಾತಿಯ ಮರಗಳು ಹಸಿರಾಗಿ ನಿಂತಿರುತ್ತವೆ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಹೊರಟ ನಮಗೆ ಇಂಥ ಒಣ ಹೊಳೆಗಳು ಒಂದಾದ ಮೇಲೊಂದು ಸಿಗುತ್ತಲೇ ಹೋದವು.

"ಅಕ್ಕಾ, ಇಲ್ಲಿ ಹೊಳೆ ಅಂದ್ರೆ ಮರಳೇನಾ?" ಅಂತ ತಮ್ಮ ಕೇಳಿದ.

"ನೀರು ಕೆಳಗಿದೆ ಕಣೋ. ಮರ ನೋಡು" ಅಂದೆ.

ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಮಳೆಯೇ ಇಲ್ಲದ ಕಡೆ ನೀರು ಹೇಗೆ ಉಳಿಯುತ್ತದೆ ಅನ್ನುವುದು ನನಗೆ ಬಹಳ ದಿನದಿಂದ ಇದ್ದ ಕುತೂಹಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 280 ಮಿಲಿಮೀಟರ್ ಆಸುಪಾಸು. ಅಲ್ಲಿನ ಬಿಸಿಲು, ಗಾಳಿ ಸೇರಿ ಒಂದು ವರ್ಷದಲ್ಲಿ ಆವಿಯಾಗಿಸಬಲ್ಲ ನೀರು ಸುಮಾರು 3000 ಮಿಲಿಮೀಟರ್. ಬರುವುದಕ್ಕಿಂತ ಹತ್ತು ಪಟ್ಟು ಜಾಸ್ತಿ ಹೋಗುವ ಲೆಕ್ಕ ಇದು. ಹಾಗಿದ್ದರೂ ಅಲ್ಲಿನ ಬೆಟ್ಟಸಾಲಿನ ಕಮರಿಗಳಲ್ಲಿ ವರ್ಷವಿಡೀ ಬತ್ತದ ಮಡುಗಳಿವೆ. ಅವುಗಳಲ್ಲಿ ಮೀನುಗಳಿವೆ! ಅದನ್ನು ಕಣ್ಣಾರೆ ನೋಡಲೇಬೇಕಿತ್ತು.

ತಮ್ಮನ ಹತ್ತಿರ ಒಂದು ಪಟ್ಟಿ ಇತ್ತು. ಸಿಂಪ್ಸನ್ಸ್ ಗ್ಯಾಪ್, ಸ್ಟ್ಯಾಂಡ್ಲಿ ಕ್ಯಾಸಮ್, ಎಲರಿ ಕ್ರೀಕ್, ಸರ್ಪೆಂಟೈನ್ ಕಮರಿ, ಓಕರ್ ಪಿಟ್ಸ್, ಓರ್ಮಿಸ್ಟನ್, ಗ್ಲೆನ್ ಹೆಲೆನ್. ಎಲ್ಲವೂ ಒಂದೇ ರಸ್ತೆಯ ಅಕ್ಕಪಕ್ಕ ಇರುವುದರಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ಎಲ್ಲವನ್ನೂ ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ. ನನಗದು ಒಪ್ಪಿಗೆಯಾಗಲಿಲ್ಲ. ಮಡು ಅನ್ನುವುದು ಹತ್ತು ನಿಮಿಷ ನೋಡಿ, ಫೋಟೋ ತೆಗೆದು, ಮುಂದೆ ಹೋಗುವ ಜಾಗ ಅಲ್ಲವೇ ಅಲ್ಲ. ಬೆಳಿಗ್ಗೆ ಬರುವ ಹಕ್ಕಿ ಬೇರೆ, ಮಧ್ಯಾಹ್ನ ಕಾಣುವ ಮೀನು ಬೇರೆ, ಸಂಜೆ ಬಂಡೆಯಿಂದ ಇಳಿಯುವ ಪ್ರಾಣಿ ಬೇರೆ. ಒಂದೇ ಕಮರಿಯನ್ನು ಆರಿಸಿಕೊಂಡು ಅಲ್ಲೇ ಕೂರೋಣ ಅಂತ ಹಟ ಹಿಡಿದೆ. ಆರಿಸಿದ್ದು ಓರ್ಮಿಸ್ಟನ್.

ಆಲಿಸ್ ಸ್ಪ್ರಿಂಗ್ಸ್‌ನಿಂದ ಅಲ್ಲಿಗೆ ಸುಮಾರು 135 ಕಿ.ಮೀ. ಈ ಬೆಟ್ಟಸಾಲಿನ ಹೆಚ್ಚಿನ ಭಾಗ ತ್ಯೋರಿಟ್ಯ ಅಥವಾ ವೆಸ್ಟ್ ಮ್ಯಾಕ್‌ಡೊನೆಲ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ತ್ಯೋರಿಟ್ಯ ಅನ್ನುವುದು ಇಲ್ಲಿನ ಮೂಲ ಜನರಾದ ಅರಂಡ ಸಮುದಾಯದವರು ಇಟ್ಟ ಹೆಸರು. ಕೊನೆಯ ಭಾಗದ ರಸ್ತೆಗೆ ನಮಜೀರಾ ಡ್ರೈವ್ ಅನ್ನುತ್ತಾರೆ. ಆಲ್ಬರ್ಟ್ ನಮಜೀರಾ ಅರಂಡ ಸಮುದಾಯದ ಚಿತ್ರಕಾರ. 1902ರಲ್ಲಿ ಹುಟ್ಟಿ 1959ರಲ್ಲಿ ತೀರಿಕೊಂಡವರು. ಇದೇ ಬೆಟ್ಟ, ಇದೇ ಕಮರಿ, ಇದೇ ಬಿಳಿ ಕಾಂಡದ ಮರಗಳನ್ನು ಜಲವರ್ಣದಲ್ಲಿ ಬರೆದು ಹೆಸರು ಮಾಡಿದರು. ಅವರ ಚಿತ್ರಗಳಲ್ಲಿನ ನೇರಳೆ ಬಣ್ಣದ ಬೆಟ್ಟ ನೋಡಿದಾಗಲೆಲ್ಲ ಇದು ಕಲಾವಿದನ ಕಲ್ಪನೆ ಅಂತಲೇ ಅಂದುಕೊಂಡಿದ್ದೆ. ಬೆಳಗಿನ ಏಳು ಗಂಟೆಗೆ ಆ ರಸ್ತೆಯಲ್ಲಿ ಹೋಗುವಾಗ ಬೆಟ್ಟಗಳು ನಿಜಕ್ಕೂ ನೇರಳೆ ಬಣ್ಣದಲ್ಲೇ ಇದ್ದವು.

ಕಾರು ನಿಲ್ಲಿಸುವ ಜಾಗದಿಂದ ದೊಡ್ಡ ಮಡುವಿಗೆ ಅರ್ಧ ಕಿಲೋಮೀಟರ್ ನಡಿಗೆ, ಅಷ್ಟೇ. ಹೆಚ್ಚಿನವರು ನೇರ ಅಲ್ಲಿಗೆ ಹೋಗಿ, ಈಜಿ, ವಾಪಸ್ ಬರುತ್ತಾರೆ. ನಾವು ಮಡುವನ್ನು ದಾಟಿ ಕಮರಿಯೊಳಗೆ ಮುಂದೆ ಹೋದೆವು. ಅಲ್ಲಿ ದಾರಿ ಅಂತ ಏನೂ ಇಲ್ಲ. ಮನೆ ಗಾತ್ರದ ಬಂಡೆಗಳ ಮಧ್ಯೆ ಜಾಗ ಹುಡುಕಿಕೊಂಡು, ಕೆಲವು ಕಡೆ ಕೈ ಊರಿ ಹತ್ತಿ, ಕೆಲವು ಕಡೆ ಕೂತು ಜಾರಿಕೊಂಡು ಹೋಗಬೇಕು. ಹೊಳೆ ಹರಿದಾಗ ಉಜ್ಜಿ ಉಜ್ಜಿ ಕಲ್ಲುಗಳೆಲ್ಲ ನುಣ್ಣಗಾಗಿವೆ. ಒಣಗಿದ್ದರೆ ಕಾಲು ಗಟ್ಟಿಯಾಗಿ ನಿಲ್ಲುತ್ತದೆ. ಒದ್ದೆಯಾಗಿದ್ದರೆ ನಂಬುವ ಹಾಗಿಲ್ಲ.

ಎರಡೂ ಬದಿಯ ಗೋಡೆ ಕ್ವಾರ್ಟ್‌ಜೈಟ್. 80 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಹರಡಿದ್ದ ಮರಳು ಒತ್ತಡಕ್ಕೆ ಸಿಕ್ಕಿ ಗಟ್ಟಿಯಾಗಿ ಈ ಕಲ್ಲಾಗಿದೆ. ಕೆಂಪು ಬಣ್ಣ ಹೊರಮೈಯದು ಮಾತ್ರ, ಕಬ್ಬಿಣದ ತುಕ್ಕು. ಹೊಸದಾಗಿ ಒಡೆದು ಬಿದ್ದ ಚೂರಿನ ಒಳಗೆ ನೋಡಿದರೆ ಬಿಳಿ, ಬೂದು, ತಿಳಿ ನೇರಳೆ. ಕಮರಿಯ ಮಧ್ಯದಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ಸಾಲು ಸಾಲು ಅಲೆಯ ಗುರುತು ಇತ್ತು. ಬೆರಳಗಲದ ಏರು, ಬೆರಳಗಲದ ಇಳಿ, ಮತ್ತೆ ಏರು. ಕಡಲ ತೀರದ ಒದ್ದೆ ಮರಳಿನ ಮೇಲೆ ಕಾಣುವ ಗೆರೆಗಳೇ ಅವು. ಅದರ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಕೂತೆ. ಆ ಅಲೆ ಎದ್ದಾಗ ನೆಲದ ಮೇಲೆ ಗಿಡ ಮರ ಏನೂ ಇರಲಿಲ್ಲ. ನೆಲದ ಮೇಲೆ ನಡೆಯುವ ಪ್ರಾಣಿಯೂ ಇರಲಿಲ್ಲ.

ಓರ್ಮಿಸ್ಟನ್‌ನ ವಿಶೇಷ ಅಂದರೆ ಇಲ್ಲಿ ಇದೇ ಕಲ್ಲಿನ ಪದರ ಎರಡು ಸಲ ಬರುತ್ತದೆ. 45ರಿಂದ 30 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಒತ್ತಿಕೊಂಡು ಬೆಟ್ಟಗಳು ಎದ್ದವು. ಆಗ ಕ್ವಾರ್ಟ್‌ಜೈಟ್‌ನ ಒಂದು ದೊಡ್ಡ ಹಾಳೆ ಮುರಿದು, ಜಾರಿ, ಅದೇ ಕ್ವಾರ್ಟ್‌ಜೈಟ್‌ನ ಮೇಲೆ ಬಂದು ಕೂತಿತು. ಗೋಡೆ ಇಷ್ಟು ಎತ್ತರ ಇರುವುದು ಅದಕ್ಕೇ. ಮಡುವಿನ ನೀರಿಗೂ ಇದೇ ಕಾರಣ ಅನ್ನುವುದು ಅಲ್ಲಿ ಕೂತು ನೋಡಿದ ಮೇಲೆ ಗೊತ್ತಾಯಿತು.

ಮಳೆ ಬಂದಾಗ ಕಮರಿಯ ಹಿಂದಿರುವ ವಿಶಾಲವಾದ ಬಯಲಿನ ನೀರೆಲ್ಲ ಈ ಸಣ್ಣ ಬಾಯಿಯಿಂದಲೇ ಹೊರಗೆ ಹೋಗಬೇಕು. ಬೆಟ್ಟಗಳು ಸುತ್ತುವರಿದ ಆ ಬಯಲಿಗೆ ಪೌಂಡ್ ಅನ್ನುತ್ತಾರೆ. ಅಷ್ಟೂ ನೀರು ಇಕ್ಕಟ್ಟಿಗೆ ಸಿಕ್ಕಿದಾಗ ಅದರ ವೇಗ ಹೆಚ್ಚುತ್ತದೆ, ಕಲ್ಲುಗುಂಡುಗಳನ್ನು ಉರುಳಿಸಿಕೊಂಡು ತಳವನ್ನು ಕೊರೆಯುತ್ತದೆ. ಕಮರಿ ದಾಟಿ ಜಾಗ ಅಗಲವಾದ ತಕ್ಷಣ ವೇಗ ಕಡಿಮೆಯಾಗಿ, ಹೊತ್ತು ತಂದ ಮರಳನ್ನು ಅಲ್ಲೇ ಸುರಿಯುತ್ತದೆ. ಹಾಗಾಗಿ ಇಕ್ಕಟ್ಟಿನ ಜಾಗದಲ್ಲಿ ಆಳವಾದ ಗುಂಡಿ, ಅದರ ಮುಂದೆ ಮರಳ ದಿಬ್ಬ. ದೊಡ್ಡ ಮಡು ದಕ್ಷಿಣದ ತುದಿಯಲ್ಲಿ 14 ಮೀಟರ್‌ವರೆಗೂ ಆಳ ಇರಬಹುದು ಅನ್ನುವ ಅಂದಾಜಿದೆ. ಆಳ ಜಾಸ್ತಿ, ಮೇಲ್ಮೈ ಕಡಿಮೆ. ಗೋಡೆಯ ನೆರಳಿನಿಂದಾಗಿ ಬಿಸಿಲು ಬೀಳುವುದು ದಿನದಲ್ಲಿ ಕೆಲವೇ ಗಂಟೆ. ಗಾಳಿಯೂ ಒಳಗೆ ಅಷ್ಟಾಗಿ ನುಗ್ಗುವುದಿಲ್ಲ. ಹೊರಗಿನ ಬಯಲಿನಲ್ಲಿ ಇದೇ ನೀರು ನಿಂತಿದ್ದರೆ ಎಂದೋ ಆವಿಯಾಗಿ ಹೋಗುತ್ತಿತ್ತು.

ಈ ಮಡುಗಳ ನೀರು ಭಯಂಕರ ತಣ್ಣಗಿರುತ್ತದೆ ಅಂತ ಓದಿದ್ದೆ. ಅದನ್ನು ಪರೀಕ್ಷಿಸಲು ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಥರ್ಮಾಮೀಟರ್ ತಂದಿದ್ದೆ. ಸುಮ್ನೆ ದಾರಕ್ಕೆ ಕಟ್ಟಿ ಇಳಿಸಿದರೆ ಆಗುವುದಿಲ್ಲ. ಮೇಲೆ ಎಳೆಯುವಷ್ಟರಲ್ಲಿ ಮೇಲಿನ ನೀರಿನ ಶಾಖಕ್ಕೆ ಅಳತೆ ಬದಲಾಗಿಬಿಡುತ್ತದೆ. ಅದಕ್ಕೇ ಒಂದು ಪ್ಲಾಸ್ಟಿಕ್ ಬಾಟಲಿಯೊಳಗೆ ಥರ್ಮಾಮೀಟರ್ ಹಾಕಿ, ನೀರು ತುಂಬಿ, ಕಲ್ಲು ಕಟ್ಟಿ, ಅಂಚಿನ ಬಂಡೆಯಿಂದ ನಾಲ್ಕು ಮೀಟರ್ ದಾರ ಬಿಟ್ಟು ಹತ್ತು ನಿಮಿಷ ಕಾಯಬೇಕು. ಆಮೇಲೆ ಎಳೆದರೆ ಬಾಟಲಿಯೊಳಗಿನ ನೀರು ಕೆಳಗಿನ ತಂಪನ್ನೇ ಹಿಡಿದುಕೊಂಡು ಬರುತ್ತದೆ. ಸೆಪ್ಟೆಂಬರ್‌ನ ಬಿಸಿಲಿನ ಮಧ್ಯಾಹ್ನ ಅದು. ಮೇಲ್ಮೈಯಲ್ಲಿ 18 ಡಿಗ್ರಿ. ನಾಲ್ಕು ಮೀಟರ್ ಕೆಳಗೆ 12.

ತಮ್ಮ ನಂಬಲಿಲ್ಲ, ಇನ್ನೊಮ್ಮೆ ಇಳಿಸಿಸಿದ. ಮತ್ತೆ ಅಷ್ಟೇ. ಚಳಿಗಾಲದಲ್ಲಿ, ಅಂದರೆ ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ, ರಾತ್ರಿಗಳು ಸೊನ್ನೆಗಿಂತ ಕೆಳಗೂ ಹೋಗುತ್ತವೆ. ಆಗ ತಣ್ಣಗಾದ ಭಾರದ ನೀರು ತಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಬೇಸಿಗೆ ಬಂದರೂ ಮೇಲಿನ ಪದರ ಮಾತ್ರ ಬೆಚ್ಚಗಾಗುತ್ತದೆ, ಕಲಕುವ ಗಾಳಿ ಇಲ್ಲ. ಹೊರಗೆ 40 ಡಿಗ್ರಿ ಇದೆ ಅಂತ ಬೆವರು ಸುರಿಸಿಕೊಂಡು ಬಂದು ಧುಮುಕುವವರಿಗೆ ಇದೇ ಅಪಾಯ. ದೇಹ ಒಂದೇ ಸಲ ಬೆಚ್ಚಿ, ಉಸಿರು ಸಿಕ್ಕಿಹಾಕಿಕೊಂಡು, ಕೈಕಾಲು ಬಿಗಿಯಾಗಿಬಿಡಬಹುದು. ಮೆಲ್ಲಗೆ, ಅಂಚಿನಿಂದ ಇಳಿಯಿರಿ. ನೀರಿನೊಳಗೆ ಎಲ್ಲಿ ಬಂಡೆ ಇದೆ ಅಂತ ಗೊತ್ತಾಗದ ಜಾಗದಲ್ಲಿ ಧುಮುಕಲೇಬೇಡಿ.

ನನಗೆ ಅತಿ ಇಷ್ಟವಾಗಿದ್ದು ಮಾತ್ರ ದೊಡ್ಡ ಮಡು ಅಲ್ಲ. ಅದರ ಮೇಲುಗಡೆ, ಬಂಡೆಗಳ ಮಧ್ಯೆ ಸಿಗುವ ಚಿಕ್ಕ ದೊಣೆಗಳು. ಒಂದೊಂದರಲ್ಲಿ ಮೊಣಕಾಲುದ್ದ ನೀರು, ಇನ್ನೊಂದರಲ್ಲಿ ಬೊಗಸೆಯಷ್ಟು. ನಾನು ಕೂತ ದೊಣೆ ನಾಲ್ಕು ಮಾರು ಉದ್ದ ಇದ್ದಿರಬಹುದು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ತಳದ ಮರಳಿನ ಮೇಲೆ ನೆರಳುಗಳು ಓಡಾಡುವುದು ಕಂಡಿತು, ಆಮೇಲೆ ಆ ನೆರಳಿನ ಒಡೆಯರು ಕಂಡರು. ಬೆರಳುದ್ದದ ಮೀನುಗಳು, ಮೈಮೇಲೆ ತುಕ್ಕು ಬಣ್ಣದ ಚುಕ್ಕೆಗಳು. ಸ್ಪ್ಯಾಂಗಲ್ಡ್ ಪರ್ಚ್. ನೀರಿನ ಮೇಲೆ ಉದ್ದ ಕಾಲಿನ ಹುಳುಗಳು ಜಾರುತ್ತಿದ್ದವು. ಒಂದು ಕೆಂಪು ಏರೋಪ್ಲೇನ್ ಚಿಟ್ಟೆ ಒಣ ಕಡ್ಡಿಯ ತುದಿಗೆ ಬಂದು ಕೂರುವುದು, ಹಾರುವುದು, ಸುತ್ತು ಹಾಕಿ ಅದೇ ಕಡ್ಡಿಗೆ ವಾಪಸ್ ಬರುವುದು, ಇದನ್ನೇ ಮಾಡುತ್ತಿತ್ತು.

ಈ ಮೀನುಗಳು ಇಲ್ಲಿಗೆ ಬಂದಿದ್ದು ಹೇಗೆ? ಓರ್ಮಿಸ್ಟನ್ ಹೊಳೆ ಮುಂದೆ ಹೋಗಿ ಡೇವನ್‌ಪೋರ್ಟ್ ಹೊಳೆಯ ಜೊತೆ ಸೇರಿ ಫಿಂಕ್ ನದಿಯಾಗುತ್ತದೆ. ಅರಂಡ ಜನರಿಗೆ ಅದು ಲಾರಪಿಂಟಾ. ಭೂಮಿಯ ಅತಿ ಹಳೆಯ ನದಿಪಾತ್ರಗಳಲ್ಲಿ ಅದೂ ಒಂದು ಅಂತ ಹೇಳುತ್ತಾರೆ. ಬೆಟ್ಟಗಳನ್ನು ಬಳಸಿಕೊಂಡು ಹೋಗುವ ಬದಲು ನೇರ ಕತ್ತರಿಸಿಕೊಂಡು ದಕ್ಷಿಣಕ್ಕೆ ಹರಿದು, ಕೊನೆಗೆ ಸಿಂಪ್ಸನ್ ಮರುಭೂಮಿಯ ಮರಳಲ್ಲಿ ಇಂಗಿಹೋಗುತ್ತದೆ. ದೊಡ್ಡ ಮಳೆ ಬಂದಾಗ ಮಾತ್ರ ಉದ್ದಕ್ಕೂ ಹರಿಯುವ ನದಿ ಅದು. ಉಳಿದ ಕಾಲದಲ್ಲಿ ಅದರ ಜೀವ ಇರುವುದು ಬಿಡಿ ಬಿಡಿಯಾದ ಮಡುಗಳಲ್ಲಿ ಮಾತ್ರ.

ಹೊಳೆ ಹರಿಯುವ ಆ ಕೆಲವು ದಿನಗಳಲ್ಲಿ ಮೀನುಗಳು ಮಡು ಬಿಟ್ಟು ಹೊರಡುತ್ತವೆ. ಸ್ಪ್ಯಾಂಗಲ್ಡ್ ಪರ್ಚ್ ಅಂತೂ ರಸ್ತೆಯ ಮೇಲೆ ಚಕ್ರದ ಗುರುತಿನಲ್ಲಿ ಹರಿಯುವ ತೆಳುನೀರಿನಲ್ಲೂ ಈಜಿಕೊಂಡು ಹೋಗುವುದನ್ನು ಜನ ನೋಡಿದ್ದಾರೆ. ಹೊಸ ಗುಂಡಿ ಸಿಕ್ಕಿದ ಕಡೆ ತುಂಬಿಕೊಳ್ಳುತ್ತವೆ. ನೀರು ಇಳಿದ ಮೇಲೆ ಹೆಚ್ಚಿನ ಗುಂಡಿಗಳು ಬತ್ತುತ್ತವೆ, ಅಲ್ಲಿದ್ದವು ಸಾಯುತ್ತವೆ, ಇಲ್ಲವೇ ಕೊಕ್ಕರೆಯ ಪಾಲಾಗುತ್ತವೆ. ಆಳದ ಮಡುವಿನಲ್ಲಿ ಉಳಿದುಕೊಂಡವು ಮುಂದಿನ ಪ್ರವಾಹದವರೆಗೆ ಕಾಯುತ್ತವೆ. ಇನ್ನೊಂದು ನದಿಯಿಂದ ಮೀನು ಬರುವ ದಾರಿ ಇಲ್ಲ. ಇಡೀ ನದಿ ಮತ್ತೆ ಶುರುವಾಗಬೇಕಾದರೆ ಈ ನಾಲ್ಕಾರು ಮಡುಗಳಿಂದಲೇ ಶುರುವಾಗಬೇಕು. ನನ್ನ ಮುಂದಿದ್ದ ದೊಣೆ ಅಷ್ಟು ದಿನ ಉಳಿಯುವಂಥದ್ದಲ್ಲ. ಅಂಚಿನ ಬಂಡೆಯ ಮೇಲೆ ನೀರು ಇಳಿದ ಬಿಳಿ ಗೆರೆಗಳು ಒಂದರ ಕೆಳಗೊಂದು ಮೂಡಿದ್ದವು. ಆ ಚುಕ್ಕೆ ಮೀನುಗಳಿಗೆ ಮಳೆ ಬೇಗ ಬರಲಿ ಅಂತ ಮನಸಾರೆ ಬೇಡಿಕೊಂಡೆ.

ಇದನ್ನೆಲ್ಲ ನೋಡಿದ ಮೇಲೆ ಸರ್ಪೆಂಟೈನ್ ಕಮರಿಯ ಮಡುವಿನಲ್ಲಿ ಈಜಬಾರದು ಅಂತ ಯಾಕೆ ಬೋರ್ಡು ಹಾಕಿದ್ದಾರೆ ಅನ್ನುವುದು ಅರ್ಥವಾಗುತ್ತದೆ. ಕೆಲವರು ಅದಕ್ಕೆ ಗೊಣಗುವುದನ್ನು ಕೇಳಿದ್ದೇನೆ. ಅಷ್ಟು ದೂರ ಕಾರು ಓಡಿಸಿ ಬಂದವರಿಗೆ ನೀರಿಗಿಳಿಯುವ ಆಸೆ ಇರುತ್ತದೆ, ನಿಜ. ಆದರೆ ಹರಿಯದ ನೀರಿಗೆ ಬಿದ್ದದ್ದು ಅಲ್ಲೇ ಉಳಿಯುತ್ತದೆ ಅಲ್ವಾ? ಮೈಗೆ ಹಚ್ಚಿದ ಸನ್‌ಸ್ಕ್ರೀನ್, ಸೊಳ್ಳೆ ಕ್ರೀಮು, ಸೋಪು ಎಲ್ಲವೂ ಮುಂದಿನ ಪ್ರವಾಹದವರೆಗೆ ಆ ಮೀನುಗಳ ಜೊತೆಯೇ ಇರುತ್ತದೆ. ಓರ್ಮಿಸ್ಟನ್‌ನಲ್ಲಿ ಈಜಬಹುದು. ಹಾಗಿದ್ದರೂ ಕ್ರೀಮು ಹಚ್ಚಿಕೊಂಡು ಇಳಿಯಬೇಡಿ, ಅದರ ಬದಲು ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಚಿಕ್ಕ ದೊಣೆಗಳಿಗಂತೂ ಕಾಲನ್ನೂ ಇಡಬೇಡಿ.

ಸಂಜೆ ನಾಲ್ಕರ ಹೊತ್ತಿಗೆ ಜೀಬ್ರಾ ಫಿಂಚ್‌ಗಳು ಬಂದವು. ಕಿತ್ತಳೆ ಬಣ್ಣದ ಕೊಕ್ಕಿನ ಪುಟ್ಟ ಹಕ್ಕಿಗಳು. ಒಣ ಬೀಜ ತಿಂದು ಬದುಕುವುದರಿಂದ ಅವಕ್ಕೆ ನೀರು ಬೇಕೇ ಬೇಕು. ಮರುಭೂಮಿಯಲ್ಲಿ ಇವುಗಳ ಗುಂಪು ಕಂಡರೆ ಹತ್ತಿರದಲ್ಲೇ ನೀರಿದೆ ಅಂತ ಲೆಕ್ಕ. ಮೊದಲು ಪೊದೆಯಲ್ಲಿ ಕೂತು ಗಲಾಟೆ ಮಾಡಿದವು. ಒಂದು ಇಳಿದು ಕುಡಿಯಿತು, ಅದಕ್ಕೆ ಏನೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಹತ್ತಿಪ್ಪತ್ತು ಒಟ್ಟಿಗೇ ಇಳಿದವು.

ಬಿಸಿಲು ಗೋಡೆಯ ತುದಿಗೆ ಸರಿದ ಮೇಲೆ ವಾಲಬಿಗಳ ಸರದಿ. ಕಾಂಗರೂವಿನ ಜಾತಿಯವೇ, ಗಾತ್ರದಲ್ಲಿ ಬಹಳ ಚಿಕ್ಕವು. ಹಗಲಿಡೀ ಬಂಡೆ ಸಂದಿಯ ನೆರಳಲ್ಲಿ ಮಲಗಿರುತ್ತವೆ. ಇವುಗಳ ಅಂಗಾಲು ಒರಟಾಗಿರುತ್ತದೆ, ಹಾಗಾಗಿ ಕಡಿದಾದ ಬಂಡೆಯ ಮೇಲೂ ಜಾರದೆ ನೆಗೆಯುತ್ತವೆ. ಒಂದು ತಾಯಿ, ಚೀಲದಿಂದ ಹೊರಗೆ ಇಣುಕುವ ಮರಿ. ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ನಮ್ಮನ್ನು ನೋಡಿತು. ತಮ್ಮ ಕ್ಯಾಮೆರಾ ಕೆಳಗಿಟ್ಟು ನೋಡುತ್ತಾ ಕೂತ. ಪಟ್ಟಿಯ ಮಾತು ಅವನು ಆಮೇಲೆ ಎತ್ತಲಿಲ್ಲ.

ಈ ಕಮರಿಗಳು ನೀರಿಗಷ್ಟೇ ಅಲ್ಲ, ಎಷ್ಟೋ ಹಳೆಯ ಜೀವಿಗಳಿಗೂ ಆಸರೆ. ಗೋಡೆಯ ನೆರಳಿನಲ್ಲಿ ಮ್ಯಾಕ್‌ಡೊನೆಲ್ ಸೈಕಡ್ ಅನ್ನುವ ಗಿಡಗಳಿವೆ. ಈ ನಾಡು ಈಗಿನದಕ್ಕಿಂತ ತೇವವಾಗಿದ್ದ ಕಾಲದಿಂದ ಉಳಿದುಕೊಂಡವು. ನಿರ್ನಾಮವಾಯಿತು ಅಂತ ಭಾವಿಸಿದ್ದ ಸೆಂಟ್ರಲ್ ರಾಕ್ ರ‍್ಯಾಟ್ ಅನ್ನುವ ಇಲಿ 1996ರಲ್ಲಿ ಇದೇ ಬೆಟ್ಟಸಾಲಿನಲ್ಲಿ ಮತ್ತೆ ಸಿಕ್ಕಿತು. ಅಷ್ಟು ಸಂತೋಷದ ಸುದ್ದಿಯ ಜೊತೆಗೆ ಹೊಟ್ಟೆ ಉರಿಸುವ ವಿಷಯವೂ ಇದೆ. ದಾರಿಯುದ್ದಕ್ಕೂ ಹೊಳೆ ಬದಿಯಲ್ಲಿ ದಟ್ಟವಾಗಿ ಬೆಳೆದಿರುವ ಒಣ ಹುಲ್ಲು ನೋಡಬಹುದು. ಅದು ಬಫೆಲ್ ಹುಲ್ಲು. ದನಕ್ಕೆ ಮೇವಾಗಲಿ, ಧೂಳು ಅಡಗಲಿ ಅಂತ ಹೊರಗಿನಿಂದ ತಂದು ಹರಡಿದ್ದು. ಮೊದಲು ಹೊಳೆಪಾತ್ರದಲ್ಲಿ ಮರಳು ಇರುತ್ತಿದ್ದರಿಂದ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಈಗ ಈ ಹುಲ್ಲು ಹೊಳೆಯ ದಾರಿಯಲ್ಲೇ ಬೆಂಕಿಯನ್ನು ಕರೆದುಕೊಂಡು ಹೋಗುತ್ತದೆ, ಅದೂ ಮರಗಳನ್ನು ಕೊಲ್ಲುವಷ್ಟು ಬಿಸಿಯಾಗಿ. 2019ರ ಜನವರಿಯ ಬೆಂಕಿಯಲ್ಲಿ ಉದ್ಯಾನದ ಬಹಳಷ್ಟು ಜಾಗ ಸುಟ್ಟುಹೋಯಿತು. ಈ ಭಾಗದ ಆಡಳಿತ ನಡೆಸುವ ನಾರ್ದರ್ನ್ ಟೆರಿಟರಿ ಸರ್ಕಾರ ಈ ಹುಲ್ಲನ್ನು ಕಳೆ ಅಂತ ಘೋಷಿಸಿದ್ದು 2024ರಲ್ಲಿ. ನೂರಾರು ವರ್ಷದ ರೆಡ್ ಗಮ್ ಒಂದು ಬುಡದಿಂದ ಟೊಳ್ಳಾಗಿ ಸುಟ್ಟು ಬಿದ್ದಿದ್ದನ್ನು ನೋಡಿದಾಗ ತುಂಬಾ ಬೇಜಾರಾಯಿತು. ಅಂಥ ಮರದ ಪೊಟರೆ ಎಷ್ಟು ಗಿಳಿಗಳ ಗೂಡಾಗಿತ್ತೋ.

ಹೋಗುವವರಿಗೆ ಇನ್ನಷ್ಟು ಮಾತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೇರೆ ರಾಜ್ಯದವರಿಗೂ ವಿದೇಶದಿಂದ ಬಂದವರಿಗೂ 2023ರಿಂದ ಉದ್ಯಾನದ ಪಾಸ್ ಬೇಕು, ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗ್ನಲ್ ಇಲ್ಲದ ದಾರಿ ಬಹಳ ಇದೆ, ಹಾಗಾಗಿ ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಅಂತ ಯಾರಿಗಾದರೂ ಹೇಳಿ ಹೊರಡಿ. ಸುತ್ತ ನೀರಿದೆ ಅಂತ ಕುಡಿಯುವ ನೀರು ಕಡಿಮೆ ಒಯ್ಯಬೇಡಿ. ಬಿಸಿಲಿನಲ್ಲಿ ಗಂಟೆಗೆ ಒಬ್ಬರಿಗೆ ಒಂದು ಲೀಟರ್ ಅನ್ನುವ ಲೆಕ್ಕ ಸರಿಯಾಗಿಯೇ ಇದೆ. ಮಳೆ ಮುನ್ಸೂಚನೆ ಇದ್ದರೆ ಕಮರಿಯೊಳಗೆ ಹೋಗಲೇಬೇಡಿ. ನಿಮ್ಮ ತಲೆ ಮೇಲೆ ಮೋಡ ಇಲ್ಲದಿದ್ದರೂ ಪೌಂಡ್‌ನ ಆಚೆ ಬಿದ್ದ ಮಳೆ ಇಲ್ಲಿಗೇ ಬರುತ್ತದೆ, ಗೋಡೆಯ ಮಧ್ಯೆ ಓಡಲು ಜಾಗ ಇಲ್ಲ.

ಎರಡು ನಡಿಗೆಗಳಿವೆ. ಒಂದು ಘೋಸ್ಟ್ ಗಮ್ ನಡಿಗೆ, ಸುಮಾರು ಎರಡೂವರೆ ಕಿಲೋಮೀಟರ್. ಬಿಳಿ ಕಾಂಡದ ಘೋಸ್ಟ್ ಗಮ್ ಒಂದು ಬಂಡೆಯ ಅಂಚಿಗೇ ಬೇರು ಕೊಟ್ಟು ನಿಂತಿದೆ, ಅಲ್ಲಿಂದ ಇಡೀ ಮಡು ಕೆಳಗೆ ಕಾಣುತ್ತದೆ. ಇನ್ನೊಂದು ಪೌಂಡ್ ನಡಿಗೆ, ಸುಮಾರು ಎಂಟೂವರೆ ಕಿಲೋಮೀಟರ್, ಮೂರು ನಾಲ್ಕು ಗಂಟೆ ಬೇಕು. ಗುಡ್ಡ ಹತ್ತಿ, ಬಯಲಿಗೆ ಇಳಿದು, ಕಮರಿಯ ಹಿಂಬಾಗಿಲಿನಿಂದ ಒಳಗೆ ಬಂದು ಮಡುವಿನ ಹತ್ತಿರ ಮುಗಿಯುತ್ತದೆ. ಟೈಮ್ ಇದ್ದರೆ ಇದನ್ನೇ ಮಾಡಿ, ಬೆಳಿಗ್ಗೆ ಬೇಗ ಶುರು ಮಾಡಿ. ನೀರು ಜಾಸ್ತಿ ಇದ್ದ ವರ್ಷ ಕೊನೆಯಲ್ಲಿ ಸೊಂಟದುದ್ದ ನೀರಿನಲ್ಲಿ ದಾಟಬೇಕಾಗಬಹುದು. ಫೋನು, ಕಾರಿನ ಕೀಲಿ ಹಾಕಲು ನೀರು ಹೋಗದ ಒಂದು ಚೀಲ ಇರಲಿ. ತಳದ ಕಲ್ಲು ಜಾರುತ್ತದೆ, ಬೂಟು ಬಿಚ್ಚಬೇಡಿ. ಒಣ ಬೂಟು ಒಂದು ಜೊತೆ ಕಾರಿನಲ್ಲಿಟ್ಟಿರಿ.